ಡಿಸ್ನಿಲ್ಯಾಂಡ್‌ನ ಪಿಕ್ಸಿ ಹಾಲೋ ತೆಗೆದು ರೈಡ್ ಕಟ್ಟಬೇಕಾ? ನಮ್ಮ ಜಿಲ್ಲೆಯವರು ಏನಂತೀರಿ?

ಕಾರವಾರ ಕೋಡಿಬಾಗ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಮಗಳ ಮನೆ ಕ್ಯಾಲಿಫೋರ್ನಿಯಾದಲ್ಲಿದೆ. ನಮ್ಮ ಕಡೆ ಎಷ್ಟೋ ಅಪ್ಪ ಅಮ್ಮಂದಿರು ಈಗ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ. ನಾನೂ ಅದೇ ಪೈಕಿ. ಈ ಸಲ ಮೊಮ್ಮಗಳನ್ನು ಅನಾಹೈಮ್‌ನ ಡಿಸ್ನಿಲ್ಯಾಂಡ್‌ಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಶುರುವಾದ ನನ್ನ ಮತ್ತು ಅಳಿಯನ ಜಗಳ ಇನ್ನೂ ಮುಗಿದಿಲ್ಲ. ನೀವಾದರೂ ಹೇಳಿ.

ಮ್ಯಾಟರ್‌ಹಾರ್ನ್ ಅನ್ನುವ ಕೃತಕ ಬೆಟ್ಟದ (ಒಳಗೆ ರೋಲರ್ ಕೋಸ್ಟರ್ ಓಡುತ್ತದೆ) ಬುಡದಲ್ಲಿ, ಪಾರ್ಕಿನ ಟುಮಾರೋಲ್ಯಾಂಡ್ ವಿಭಾಗದ ಕಡೆ ಹೋಗುವ ದಾರಿಯ ಪಕ್ಕ ಪಿಕ್ಸಿ ಹಾಲೋ ಅಂತ ಒಂದು ಪುಟ್ಟ ಜಾಗ ಇದೆ. 2008ರಲ್ಲಿ ತೆರೆದದ್ದು. ಒಳಗೆ ಕಾಲಿಟ್ಟರೆ ಹುಲ್ಲಿನ ಎಸಳು, ಹೂವು ಎಲ್ಲ ನಮ್ಮ ತಲೆಗಿಂತ ಎತ್ತರ. ಮುಂದೆ ಹೋದ ಹಾಗೆ ನಾವೇ ಕಿನ್ನರಿಯರಷ್ಟು ಚಿಕ್ಕವರಾದೆವು ಅನ್ನಿಸಬೇಕು ಅಂತ ಹಾಗೆ ಮಾಡಿದ್ದಾರೆ. ಕೊನೆಯಲ್ಲಿ ಪೀಟರ್ ಪ್ಯಾನ್ ಕಥೆಯ ಕಿನ್ನರಿ ಟಿಂಕರ್ ಬೆಲ್ ಇರುತ್ತಾಳೆ. ಕೆಲವು ಸಲ ಅವಳ ಗೆಳತಿಯರೂ ಇರುತ್ತಾರೆ. ಮಕ್ಕಳ ಹತ್ತಿರ ಮಾತಾಡುತ್ತಾರೆ, ಪುಸ್ತಕದಲ್ಲಿ ಸಹಿ ಹಾಕುತ್ತಾರೆ, ಫೋಟೊಕ್ಕೆ ನಿಲ್ಲುತ್ತಾರೆ. ಅಷ್ಟೇ.

ಅಳಿಯನ ವಾದ ಏನೆಂದರೆ, ಪಾರ್ಕಿನ ನಟ್ಟನಡುವೆ ಇಂಥ ಬೆಲೆಬಾಳುವ ಜಾಗವನ್ನು ಒಬ್ಬ ಹುಡುಗಿ ರೆಕ್ಕೆ ಕಟ್ಟಿಕೊಂಡು ನಿಲ್ಲುವುದಕ್ಕೆ ಇಟ್ಟುಕೊಳ್ಳುವುದು ದಂಡ, ತೆಗೆದು ಒಂದು ರೈಡ್ ಕಟ್ಟಬೇಕು. ಕಂಪನಿಯವರು ತೆಗೆಯುತ್ತೇವೆ ಅಂತೇನೂ ಹೇಳಿಲ್ಲ. ಇದು ಪಾರ್ಕ್ ಹುಚ್ಚು ಇರುವವರ ನಡುವಿನ ಮಾತು. ನನ್ನ ಅಳಿಯನಿಗೆ ಆ ಹುಚ್ಚು ಸ್ವಲ್ಪ ಜಾಸ್ತಿಯೇ ಇದೆ.

ನನಗಂತೂ ಅದು ಇರಬೇಕು. ಯಾಕೆ ಅಂತ ಆಮೇಲೆ ಬರೆಯುತ್ತೇನೆ. ಮೊದಲು ನಿಮ್ಮ ಮಾತು ಕೇಳೋಣ.

ಯಲ್ಲಾಪುರದ ಲೆಕ್ಕಿಗ

ಅಳಿಯನ ಪಕ್ಷ ನಾನು. ಬೇಜಾರು ಮಾಡಿಕೊಳ್ಳಬೇಡಿ ಅಕ್ಕಾ, ಲೆಕ್ಕ ಹಾಗಿದೆ.

ಒಂದು ಕುಟುಂಬಕ್ಕೆ ಒಂದೂವರೆ ನಿಮಿಷ ಅಂತ ಇಟ್ಟುಕೊಳ್ಳಿ. ಮಾತು, ಸಹಿ, ಫೋಟೊ ಎಲ್ಲ ಸೇರಿ. ಗಂಟೆಗೆ 40 ಕುಟುಂಬ. ತಲಾ ನಾಲ್ಕು ಜನ ಅಂದರೂ 160 ಜನ. ಈಗ ಅದೇ ಪಾರ್ಕಿನ ಹಾಂಟೆಡ್ ಮ್ಯಾನ್ಶನ್ ನೋಡಿ. ಕುರ್ಚಿಗಳು ಸರಪಳಿ ಹಾಗೆ ಒಂದರ ಹಿಂದೆ ಒಂದು ನಿಲ್ಲದೆ ಬರುತ್ತಿರುತ್ತವೆ. ಅಂಥ ರೈಡ್ ಗಂಟೆಗೆ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಹತ್ತಿಸಿ ಇಳಿಸಬಲ್ಲದು. 160 ಎಲ್ಲಿ, 2000 ಎಲ್ಲಿ? ಅದೂ ಆ ಎರಡು ಸಾವಿರ ಜನ ಒಂದೂವರೆ ನಿಮಿಷಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಕೂರುತ್ತಾರೆ.

ಟಿಕೆಟ್‌ಗೆ ಅಷ್ಟು ಡಾಲರ್ ಕೊಟ್ಟು ಬಂದವರು ದಿನವಿಡೀ ಸಾಲಿನಲ್ಲಿ ನಿಲ್ಲುವುದಕ್ಕೆ ಕಾರಣವೇ ಹತ್ತುವ ಜಾಗ ಸಾಲದಿರುವುದು. ನಿಲ್ಲುವ ಜಾಗ ಕಡಿಮೆ ಮಾಡಿ, ಹತ್ತುವ ಜಾಗ ಹೆಚ್ಚು ಮಾಡಿ.

ಭಟ್ಕಳ ಬಂದರು

ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತು ಒಂದೂವರೆ ನಿಮಿಷದ ದರ್ಶನ. ಇದಕ್ಕೆ ಅಮೆರಿಕಕ್ಕೆ ಯಾಕೆ ಹೋಗಬೇಕು ಮಾರಾಯ್ರೆ?

ಕುಮಟಾ, ಹಳೇ ಪಾರ್ಕಿನ ಹುಳ

ಲೆಕ್ಕಿಗರೇ, ಆ ಜಾಗದ ಚರಿತ್ರೆ ಸ್ವಲ್ಪ ಕೇಳಿ. ತೆಗೆಯುವುದು ಕಟ್ಟುವುದು ಅಲ್ಲಿ ಹೊಸತೇನೂ ಅಲ್ಲ.

ಡಿಸ್ನಿಲ್ಯಾಂಡ್ ತೆರೆದದ್ದು 1955ರ ಜುಲೈ 17ಕ್ಕೆ. ಈ ಜಾಗದಲ್ಲಿ 1957ರಲ್ಲಿ ‘ಭವಿಷ್ಯದ ಮನೆ’ ಅಂತ ಒಂದನ್ನು ಕಟ್ಟಿದರು. ಮೊನ್ಸಾಂಟೊ ಕಂಪನಿಯ ಹಣ, ಇಡೀ ಮನೆ ಪ್ಲಾಸ್ಟಿಕ್. 1986ರಲ್ಲಿ ಜನ ಹೀಗೆ ಬದುಕುತ್ತಾರೆ ಅಂತ ತೋರಿಸುವ ಮನೆ. ಹತ್ತು ವರ್ಷದಲ್ಲಿ ಅದು ಹಳತಾಯಿತು. 1967ರಲ್ಲಿ ಒಡೆಯಲು ಹೋದರು. ಕಟ್ಟಡ ಉರುಳಿಸುವ ಕಬ್ಬಿಣದ ಗುಂಡನ್ನು ಬೀಸಿದರೆ ಗುಂಡೇ ಪುಟಿದು ವಾಪಸ್ ಬಂತು! ಒಂದು ದಿನದ ಕೆಲಸ ಅಂದುಕೊಂಡದ್ದು ಎರಡು ವಾರ ಹಿಡಿಯಿತು. ಕೊನೆಗೆ ಕಾಂಕ್ರೀಟ್ ತಳಪಾಯ ತೆಗೆಯುವ ಗೋಜಿಗೇ ಹೋಗಲಿಲ್ಲ. ಅದು ಈಗಲೂ ಅಲ್ಲೇ ಗಿಡಗಳ ನಡುವೆ ಇದೆ.

ಆಮೇಲೆ ತೋಟವಾಯಿತು. ಅದಾದ ಮೇಲೆ ಮತ್ಸ್ಯಕನ್ಯೆ ಏರಿಯಲ್ ಭೇಟಿಯ ಗುಹೆ ಬಂತು. ಅದನ್ನು ತೆಗೆದು ಪಿಕ್ಸಿ ಹಾಲೋ ಮಾಡಿದರು. ಅಂದರೆ ಇದು ಮೊದಲ ಪಾತ್ರದ ಜಾಗವೂ ಅಲ್ಲ. ಒಂದನ್ನು ತೆಗೆದು ಇನ್ನೊಂದು ಕಟ್ಟುವುದು ಆ ಪಾರ್ಕಿನ ಹುಟ್ಟುಗುಣ.

ಇನ್ನೊಂದು ವಿಷಯ. ಪಾತ್ರ ಭೇಟಿಯ ಜಾಗಗಳು ಬರೀ ಪಾಪದವಲ್ಲ. ಅದೇ ಡಿಸ್ನಿಲ್ಯಾಂಡ್‌ನಲ್ಲಿ 1956ರಿಂದ ಕಾರ್ನೇಶನ್ ಪ್ಲಾಜಾ ಗಾರ್ಡನ್ಸ್ ಅಂತ ಒಂದು ಬಯಲು ವೇದಿಕೆ ಇತ್ತು. ಬ್ಯಾಂಡ್ ಬಾರಿಸುತ್ತಿತ್ತು, ಜನ ಜೋಡಿಯಾಗಿ ಕುಣಿಯುತ್ತಿದ್ದರು. ಅದನ್ನು ಮುಚ್ಚಿ 2013ರಲ್ಲಿ ರಾಜಕುಮಾರಿಯರ ಭೇಟಿಗೆ ಫ್ಯಾಂಟಸಿ ಫೇರ್ ಮಾಡಿದರು. ಕುಣಿಯಲು ಬರುತ್ತಿದ್ದ ಹಳಬರು ತುಂಬಾ ನೊಂದುಕೊಂಡರು. ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಇನ್ನೂ ತಮಾಷೆ. 1971ರಿಂದ ಇದ್ದ ಸ್ನೋ ವೈಟ್ ರೈಡನ್ನೇ 2012ರಲ್ಲಿ ಮುಚ್ಚಿದರು. 2013ರಲ್ಲಿ ಅದೇ ಕಟ್ಟಡ ರಾಜಕುಮಾರಿಯರನ್ನು ಭೇಟಿಯಾಗುವ ಸಭಾಂಗಣವಾಯಿತು. ಗಂಟೆಗೆ ಎಷ್ಟು ಜನ ಅನ್ನುವುದೊಂದೇ ಲೆಕ್ಕವಾಗಿದ್ದರೆ ಕಂಪನಿ ಹಾಗೆ ಮಾಡುತ್ತಿತ್ತಾ?

ಯಲ್ಲಾಪುರದ ಲೆಕ್ಕಿಗ

ಫ್ಲೋರಿಡಾದಲ್ಲಿ ಅವರಿಗೆ ಜಾಗದ ಬರ ಇಲ್ಲ ಸರ್. ಸಾವಿರಾರು ಎಕರೆ ಇದೆ. ಸ್ನೋ ವೈಟ್ ಮುಚ್ಚಿದರೂ 2014ರಲ್ಲಿ ಏಳು ಕುಳ್ಳರ ಗಣಿ ರೈಲು ತೆರೆದರು. ಅನಾಹೈಮ್‌ನಲ್ಲಿ ಮೊದಲು ಕೊಂಡದ್ದು 160 ಎಕರೆ ಕಿತ್ತಳೆ ತೋಟ. ಸುತ್ತ ಮೋಟೆಲ್, ರಸ್ತೆ, ಊರು ಬೆಳೆದುಬಿಟ್ಟಿತು. ಅಲ್ಲಿ ಒಂದೊಂದು ಗುಂಟೆಗೂ ಲೆಕ್ಕ ಬೇಕು.

ಹೊನ್ನಾವರ, ಆಟದ ಹುಚ್ಚು

ನಾನು ಡಿಸ್ನಿಲ್ಯಾಂಡ್ ನೋಡಿಲ್ಲ. ಆದರೆ ಈ ವಿಷಯದಲ್ಲಿ ಮಾತಾಡುವ ಹಕ್ಕು ನಮ್ಮ ತಾಲೂಕಿನವರಿಗೇ ಮೊದಲು ಅಂತ ನನ್ನ ವಾದ.

ಯಕ್ಷಗಾನದ ಆಟಕ್ಕೆ ಹೋದ ಮಕ್ಕಳು ಮೊದಲು ಎಲ್ಲಿಗೆ ಓಡುತ್ತಾರೆ? ರಂಗಸ್ಥಳಕ್ಕಲ್ಲ, ಚೌಕಿಗೆ. ಆಟ ರಾತ್ರಿ ಒಂಬತ್ತೂವರೆಗೆ ಶುರು ಅಂದರೆ ಏಳೂವರೆಗೇ ಚೌಕಿಯ ಪರದೆಯ ಸಂದಿಯಲ್ಲಿ ನಾಲ್ಕಾರು ತಲೆ. ಒಳಗೆ ಗಣಪತಿ ಇಟ್ಟಿರುತ್ತಾರೆ. ಸಾಲಾಗಿ ಪೆಟ್ಟಿಗೆ, ಪೆಟ್ಟಿಗೆ ಮುಂದೆ ಕನ್ನಡಿ, ಕನ್ನಡಿ ಮುಂದೆ ವೇಷಧಾರಿಗಳು. ಬಣ್ಣದ ವೇಷದವರು ಗಂಟೆಗಟ್ಟಲೆ ಮುಖ ಬರೆದುಕೊಳ್ಳುತ್ತಾರೆ. ಅರ್ಧ ಮುಖ ರಾಕ್ಷಸ, ಅರ್ಧ ಮುಖ ನಮ್ಮ ಪಕ್ಕದೂರಿನ ಹೆಗಡೇರು. ಆ ರಾಕ್ಷಸ ಕೈಯಲ್ಲಿ ಚಾ ಲೋಟ ಹಿಡಿದು “ಏನೋ ತಮಾ, ಯಾರ ಮನೆಯವ ನೀನು?” ಅಂತ ಕೇಳಿದ ಮೇಲೆ ಮುಗಿಯಿತು. ಆ ಹುಡುಗ ಬೆಳಗಿನವರೆಗೆ ನಿದ್ದೆ ಮಾಡುವುದಿಲ್ಲ. ಆ ರಾಕ್ಷಸ ರಂಗಕ್ಕೆ ಬರುವುದನ್ನೇ ಕಾಯುತ್ತಾನೆ.

1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದರು. ಚಿಟ್ಟಾಣಿಯವರಿಗೆ 2012ರಲ್ಲಿ ಪದ್ಮಶ್ರೀ ಬಂತು. ನಮ್ಮ ಕಡೆ ಇಷ್ಟೊಂದು ಜನ ಆಟಕ್ಕೆ ಬಿದ್ದದ್ದು ರಂಗಸ್ಥಳ ನೋಡಿ ಮಾತ್ರ ಅಲ್ಲ, ಚೌಕಿಯಲ್ಲಿ ಇಣುಕಿ. ಇನ್ನೂ ನಾಲ್ಕು ಸಾಲು ಕುರ್ಚಿ ಹಾಕಬೇಕು, ಜಾಗ ಬೇಕು, ಚೌಕಿ ತೆಗೆಯಿರಿ ಅಂತ ಯಾರಾದರೂ ಹೇಳಲಿ ನೋಡೋಣ.

ಯಲ್ಲಾಪುರದ ಲೆಕ್ಕಿಗ

ಚೌಕಿ ಇಲ್ಲದೆ ಆಟವೇ ಇಲ್ಲ ಭಟ್ರೆ. ವೇಷ ಕಟ್ಟುವುದು ಎಲ್ಲಿ? ಪಿಕ್ಸಿ ಹಾಲೋ ಇಲ್ಲದಿದ್ದರೂ ಡಿಸ್ನಿಲ್ಯಾಂಡ್ ನಡೆಯುತ್ತದೆ. ಹೋಲಿಕೆ ಕುಂಟುತ್ತದೆ.

ಹೊನ್ನಾವರ, ಆಟದ ಹುಚ್ಚು

ಭಟ್ರು ಅಂತ ಹೇಗೆ ಗೊತ್ತಾಯಿತು? 😄 ಇರಲಿ. ಹೋಲಿಕೆ ಕುಂಟಿದರೂ ನಡೆಯುತ್ತದೆ. ಕಥೆಯೊಳಗಿನವರು ಒಬ್ಬರು ನಮ್ಮ ಹೆಸರು ಕೇಳಿದರು ಅನ್ನುವುದು ಬೇರೆ, ನಾವು ಕಥೆಯನ್ನು ಕುರ್ಚಿಯಲ್ಲಿ ಕೂತು ನೋಡಿದೆವು ಅನ್ನುವುದು ಬೇರೆ. ರೈಡ್ ಎಷ್ಟೇ ದೊಡ್ಡದಿರಲಿ, ಅದು ನಿಮ್ಮ ಹೆಸರು ಕೇಳುವುದಿಲ್ಲ.

ಶಿರಸಿ ನಿಲೇಕಣಿ

ನನ್ನ ಮಗನ ವಿಷಯ ಹೇಳುತ್ತೇನೆ. ಅವನಿಗೆ ದೊಡ್ಡ ಶಬ್ದ ಆಗುವುದಿಲ್ಲ. ಕತ್ತಲೆ, ಫಕ್ಕನೆ ಬರುವ ಬೆಳಕು ಯಾವುದೂ ಆಗುವುದಿಲ್ಲ. ಬೇಡರ ವೇಷದ ರಾತ್ರಿಗಳಲ್ಲಿ ನಾವು ಊರು ಬಿಟ್ಟು ಅತ್ತೆ ಮನೆಗೆ ಹೋಗುತ್ತೇವೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಮಾರಿಕಾಂಬೆ ಜಾತ್ರೆ ಇಲ್ಲದ ವರ್ಷ ಹೋಳಿ ಹೊತ್ತಿಗೆ ಶಿರಸಿ ಪೇಟೆಯಲ್ಲಿ ಬೇಡರ ವೇಷ ಕುಣಿಯುತ್ತದೆ. ಬೆನ್ನಿಗೆ ನವಿಲುಗರಿ ಕಟ್ಟಿರುತ್ತಾರೆ, ಸುತ್ತ ತಮಟೆ. ಎಗರಿ ಬರುವ ವೇಷವನ್ನು ಹಗ್ಗ ಹಿಡಿದು ಹಿಂದಕ್ಕೆ ಎಳೆಯುತ್ತಿರುತ್ತಾರೆ. ಬೇರೆ ಮಕ್ಕಳು ಕಿರುಚಿಕೊಂಡು ಓಡುತ್ತಾರೆ, ಮತ್ತೆ ವಾಪಸ್ ಬಂದು ನಿಲ್ಲುತ್ತಾರೆ. ಅವರಿಗೆ ಅದೇ ಖುಷಿ. ನನ್ನ ಮಗನಿಗೆ ಅದು ಸಂಕಟ.

ಬೆಂಗಳೂರು ಕಡೆಯ ಒಂದು ಪಾರ್ಕಿಗೆ ಕರೆದುಕೊಂಡು ಹೋಗಿದ್ದೆವು. ಎತ್ತರ ಅಳೆಯುವ ಕೋಲಿನ ಹತ್ತಿರ ಅರ್ಧ ರೈಡ್ ಹೋಯಿತು, ಶಬ್ದಕ್ಕೆ ಇನ್ನರ್ಧ ಹೋಯಿತು. ಒಂದು ಐಸ್‌ಕ್ರೀಮ್ ತಿಂದು ವಾಪಸ್. ಅಲ್ಲಿ ಕೂತು ಸುಮ್ನೆ ಒಬ್ಬರ ಜತೆ ಮಾತಾಡುವ ಒಂದು ಮೂಲೆ ಇದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಹಾಗಾಗಿ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಗಂಟೆಗೆ ಎರಡು ಸಾವಿರ ಜನ ಹತ್ತುವ ರೈಡಿನಲ್ಲಿ ನನ್ನ ಮಗ ಒಬ್ಬನಾಗಿರುವುದಿಲ್ಲ.

ಅಂಕೋಲೆ ಅಕ್ಕೋರು

ನಿಲೇಕಣಿಯವರ ಮಾತಿಗೆ ನಂದೂ ಒಂದು ಸೇರಿಸಿ. ಮ್ಯಾಟರ್‌ಹಾರ್ನ್ ಹತ್ತಲು ಮಗು 42 ಇಂಚು ಎತ್ತರ ಇರಬೇಕು. ಸ್ಪೇಸ್ ಮೌಂಟನ್‌ಗೆ 40 ಇಂಚು. ನಮ್ಮ ಅಂಗನವಾಡಿ ವಯಸ್ಸಿನ ಮಕ್ಕಳಲ್ಲಿ ಹೆಚ್ಚಿನವರು ಆ ಕೋಲಿನ ಕೆಳಗೇ ಉಳಿಯುತ್ತಾರೆ. ಮೂರು ವರ್ಷದೊಳಗಿನವರಿಗೆ ಅಲ್ಲಿ ಟಿಕೆಟ್ ಇಲ್ಲ, ಸರಿ. ನಾಲ್ಕು ವರ್ಷದ ಮಗುವಿಗೆ ಇದೆ. ಅದಕ್ಕೂ ದುಡ್ಡು ಕೊಟ್ಟಿರುತ್ತಾರಲ್ಲ, ಅದರ ಪಾಲಿನದು ಎಲ್ಲಿ?

ಶಿರಸಿ ಕೆರೆಗದ್ದೆ, ಪಾರ್ಕ್ ಅಭಿಮಾನಿ

ಎತ್ತರದ ಮಾತು ಎಲ್ಲರೂ ಹೇಳುತ್ತೀರಿ. ಆದರೆ ರೈಡ್ ಅಂದರೆ ರೋಲರ್ ಕೋಸ್ಟರ್ ಒಂದೇ ಅಲ್ಲ. ಪೀಟರ್ ಪ್ಯಾನ್ಸ್ ಫ್ಲೈಟ್ 1955ರಿಂದ ಇದೆ. ಚಿಕ್ಕ ಕಟ್ಟಡ, ಎತ್ತರದ ನಿಯಮ ಇಲ್ಲ, ಕೈಗೂಸನ್ನೂ ತೊಡೆ ಮೇಲೆ ಕೂರಿಸಿಕೊಂಡು ಹೋಗಬಹುದು. ಎಪ್ಪತ್ತು ವರ್ಷ ಆದರೂ ಅದರ ಸಾಲು ಕರಗಿಲ್ಲ. ಪಿಕ್ಸಿ ಹಾಲೋ ಜಾಗದಲ್ಲಿ ಅಂಥದ್ದೇ ಒಂದು ಪುಟ್ಟ ರೈಡ್ ಬರಲಿ. ಮಗು, ಅಜ್ಜಿ ಇಬ್ಬರೂ ಕೂರಬಹುದು. ಟಿಂಕರ್ ಬೆಲ್‌ನ್ನೇ ಅದರೊಳಗೆ ಇಡಿ. ಆಗ ಯಾರಿಗೆ ನಷ್ಟ?

ನನಗಂತೂ ಇದು ಬಿಟ್ಟರೆ ಬೇರೆ ದಾರಿ ಕಾಣುವುದಿಲ್ಲ.

ಕಾರವಾರ ಕೋಡಿಬಾಗ

ಈಗ ನನ್ನ ಮಾತು. ಕೆರೆಗದ್ದೆಯವರು ಹೇಳಿದ್ದೇ ಈ ಇಡೀ ಚರ್ಚೆಯಲ್ಲಿ ಗಟ್ಟಿ ವಾದ. ಅದಕ್ಕೆ ಉತ್ತರ ಕೊಡದೆ ಲೆಕ್ಕಿಗರ ಹತ್ತಿರ ಜಗಳ ಮಾಡಿ ಪ್ರಯೋಜನ ಇಲ್ಲ.

1955ರ ಹಾಗೆ ಈಗ ಯಾರೂ ಪುಟ್ಟ ರೈಡ್ ಕಟ್ಟುವುದಿಲ್ಲ. ಅದೇ ಪಾರ್ಕಿನ ಟೂನ್‌ಟೌನ್‌ನಲ್ಲಿ 2023ರಲ್ಲಿ ಮಿಕ್ಕಿ ಮಿನ್ನಿಯ ರೈಲು ರೈಡ್ ತೆರೆದರಲ್ಲ, ಎತ್ತರದ ನಿಯಮ ಇಲ್ಲದ್ದು, ಮಕ್ಕಳದ್ದೇ. ಆದರೂ ಅದರ ಕಟ್ಟಡ ಎಷ್ಟು ದೊಡ್ಡದು ನೋಡಿ. ಸಾಲು ನಿಲ್ಲಲು ಜಾಗ, ಯಂತ್ರಕ್ಕೆ ಜಾಗ, ರಿಪೇರಿಗೆ ಜಾಗ, ಬೆಂಕಿ ಬಿದ್ದರೆ ಹೊರಗೆ ಬರುವ ದಾರಿ. ಪಿಕ್ಸಿ ಹಾಲೋ ಸುತ್ತ ಏನಿದೆ? ಒಂದು ಕಡೆ 1959ರ ಮ್ಯಾಟರ್‌ಹಾರ್ನ್. ಇನ್ನೊಂದು ಕಡೆ ಸಬ್‌ಮರೀನ್ ಕೊಳ. ಹತ್ತಿರದಲ್ಲೇ ಮೊನೊರೈಲ್ ಹಳಿ. ನೆಲದಲ್ಲಿ ಆ ಪ್ಲಾಸ್ಟಿಕ್ ಮನೆಯ ತಳಪಾಯ ಬೇರೆ. ಅಲ್ಲಿ ಏನು ಕಟ್ಟಿದರೂ ಇಕ್ಕಟ್ಟು.

ಟೂನ್‌ಟೌನ್ ಕೆಲಸದಲ್ಲಿ ನನಗೆ ಮೆಚ್ಚುಗೆಯಾದದ್ದು ಬೇರೆ. 2022ರಲ್ಲಿ ಮುಚ್ಚಿ ವರ್ಷ ಕಳೆದು ತೆರೆಯುವಾಗ ರೈಡ್ ಕಟ್ಟಿದರು, ಆದರೆ ಮಿಕ್ಕಿಯ ಮನೆ ಉಳಿಸಿದರು. ಒಳಗೆ ಹೋಗಿ ಮಿಕ್ಕಿಯನ್ನು ನೋಡಬಹುದು. ಜತೆಗೆ ಮಕ್ಕಳು ಸುಮ್ನೆ ಓಡಾಡಲಿ ಅಂತ ಹುಲ್ಲುಹಾಸು ಮಾಡಿದರು. ಅಂದರೆ ಒಂದು ಬೇಕಾದರೆ ಇನ್ನೊಂದನ್ನು ಸಾಯಿಸಬೇಕು ಅಂತ ಇಲ್ಲ.

ಇನ್ನು ಜಾಗದ ಬರ. ಅನಾಹೈಮ್ ನಗರಸಭೆ 2024ರಲ್ಲಿ ಡಿಸ್ನಿಲ್ಯಾಂಡ್ ಫಾರ್ವರ್ಡ್ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಕಂಪನಿ ಹತ್ತು ವರ್ಷದಲ್ಲಿ ಕನಿಷ್ಠ 1.9 ಬಿಲಿಯನ್ ಡಾಲರ್ ಹಾಕಬೇಕು. ಈಗ ಕಾರು ನಿಲ್ಲಿಸುತ್ತಿರುವಂಥ ಕಡೆಗಳಲ್ಲೂ ಹೊಸದು ಕಟ್ಟಲು ದಾರಿಯಾಯಿತು. ದೊಡ್ಡ ರೈಡ್ ಅಲ್ಲಿ ಬರಲಿ. ಕಾರು ನಿಲ್ಲುವ ಜಾಗಕ್ಕೆ ಯಾರೂ ಅಳುವುದಿಲ್ಲ.

ಲೆಕ್ಕಿಗರೇ, ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಅದೇ ಲೆಕ್ಕ ಹಿಡಿದರೆ ಬೆಂಚುಗಳನ್ನೂ ತೆಗೆಯಿರಿ. ಬೆಂಚು ಗಂಟೆಗೆ ಎಷ್ಟು ಜನರನ್ನು ಸಾಗಿಸುತ್ತದೆ? ಮರಗಳನ್ನೂ ಕಡಿಯಿರಿ.

ಯಲ್ಲಾಪುರದ ಲೆಕ್ಕಿಗ

ಬೆಂಚಿನ ಮಾತು ಚೆನ್ನಾಗಿದೆ ಅಕ್ಕಾ 🙏 ಆದರೆ ಬೆಂಚಿಗೆ ಮುಕ್ಕಾಲು ಗಂಟೆ ಸಾಲು ಇರುವುದಿಲ್ಲ. ಟಿಂಕರ್ ಬೆಲ್‌ಗೆ ಜಾಗ ಕೊಡಬೇಡಿ ಅಂತ ಅಲ್ಲ ನನ್ನ ವಾದ. ಅವಳು ಓಡಾಡಲಿ. ದಾರಿಯಲ್ಲಿ ಸಿಕ್ಕಾಗ ಮಾತಾಡಿಸೋಣ. ಅದಕ್ಕೆ ಕಟ್ಟಡ, ಬೇಲಿ, ಸಾಲು ಯಾಕೆ?

ಕುಮಟಾ, ಹಳೇ ಪಾರ್ಕಿನ ಹುಳ

ಮೊದಲು ಹಾಗೇ ಇತ್ತು. 1955ರಲ್ಲಿ ಪಾರ್ಕ್ ತೆರೆದಾಗ ವೇಷದ ಬಟ್ಟೆಯೂ ಸ್ವಂತದ್ದಲ್ಲ. ಐಸ್ ಕಪೇಡ್ಸ್ ಅನ್ನುವ ಐಸ್ ಮೇಲಿನ ಪ್ರದರ್ಶನದ ತಂಡದಿಂದ ತಂದದ್ದು. ಮಿಕ್ಕಿ, ಗೂಫಿ ಎಲ್ಲ ಜನರ ನಡುವೆ ಎಲ್ಲೆಂದರಲ್ಲಿ ತಿರುಗುತ್ತಿದ್ದರು. ಈಗಲೂ ಕೆಲವು ಪಾತ್ರಗಳು ತಿರುಗುತ್ತವೆ.

ಟಿಂಕರ್ ಬೆಲ್ ಅಂತೂ ಹಾರುತ್ತಿದ್ದಳು! 1961ರಲ್ಲಿ ಟೈನಿ ಕ್ಲೈನ್ ಅನ್ನುವ ಹಳೆಯ ಸರ್ಕಸ್ ಕಲಾವಿದೆ ಮ್ಯಾಟರ್‌ಹಾರ್ನ್ ತುದಿಯಿಂದ ಕೋಟೆಯ ಕಡೆಗೆ ತಂತಿಯ ಮೇಲೆ ಜಾರಿ ಬರುತ್ತಿದ್ದರು. ಆಗ ಅವರ ವಯಸ್ಸು ಎಪ್ಪತ್ತು. ಎಪ್ಪತ್ತು! ನಮ್ಮಲ್ಲಿ ಎಪ್ಪತ್ತಾದವರಿಗೆ ಮೆಟ್ಟಿಲು ಹತ್ತಬೇಡಿ ಅನ್ನುತ್ತಾರೆ. ಚರ್ಚೆಗೆ ಸಂಬಂಧ ಇಲ್ಲ, ಆದರೂ ಹೇಳದೆ ಇರಲು ಆಗಲಿಲ್ಲ.

ಅಂಕೋಲೆ ಅಕ್ಕೋರು

ಲೆಕ್ಕಿಗರ ‘ಓಡಾಡಲಿ’ ಅನ್ನುವ ಮಾತಿಗೆ ನನ್ನ ತಕರಾರು ಇದೆ. ಮೂವತ್ತು ಮಕ್ಕಳ ಕ್ಲಾಸ್ ನೋಡಿಕೊಂಡವಳು ನಾನು. ಸಾಲು ಇಲ್ಲದ ಕಡೆ ಏನಾಗುತ್ತದೆ ಅಂತ ಗೊತ್ತು. ಜೋರಿನ ಮಕ್ಕಳು ಮುಂದೆ ನುಗ್ಗುತ್ತಾರೆ. ಅವರ ಅಪ್ಪಂದಿರು ಅವರಿಗಿಂತ ಮುಂದೆ ನುಗ್ಗುತ್ತಾರೆ, ಮೊಬೈಲ್ ಎತ್ತಿಕೊಂಡು. ನಾಚಿಕೆಯ ಮಗು ಅಮ್ಮನ ಸೆರಗು ಹಿಡಿದು ಹಿಂದೆಯೇ ನಿಂತಿರುತ್ತದೆ. ಅಷ್ಟು ಹೊತ್ತಿಗೆ ಟಿಂಕರ್ ಬೆಲ್ ಒಳಗೆ ಹೋಗಿಯಾಯಿತು.

ಹೊನ್ನಾವರದವರ ಚೌಕಿಯಲ್ಲೂ ಅದೇ. ಒಳಗೆ ಇಣುಕಿದ್ದು ಗಟ್ಟಿ ಹುಡುಗರು. ನಾನು ಹುಡುಗಿ, ನನ್ನನ್ನು ಆ ಕಡೆ ಬಿಡುತ್ತಲೇ ಇರಲಿಲ್ಲ. ಸಾಲು ಅಂತ ಒಂದಿದ್ದರೆ ನನ್ನ ಸರದಿಯೂ ಬರುತ್ತಿತ್ತು. ನಾಲ್ಕು ಗೋಡೆ, ಒಂದು ಬಾಗಿಲು, ಸಾಲು ಇರುವ ಜಾಗ ಬೇಕು ಅನ್ನುವುದು ಅದಕ್ಕೇ.

ಹೊನ್ನಾವರ, ಆಟದ ಹುಚ್ಚು

ಅಕ್ಕೋರೆ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಈಗ ಹೆಣ್ಣುಮಕ್ಕಳೂ ವೇಷ ಕಟ್ಟುತ್ತಾರೆ, ಹೆಣ್ಣುಮಕ್ಕಳದ್ದೇ ತಂಡಗಳಿವೆ ಅಂತ ಮಾತ್ರ ಹೇಳುತ್ತೇನೆ.

ಸಿದ್ದಾಪುರ, ವೇಷ ಹಾಕಿದವ

ಒಳಗಿರುವವರ ಬಗ್ಗೆ ಯಾರೂ ಮಾತಾಡಲಿಲ್ಲ. ಕಾಲೇಜು ದಿನಗಳಲ್ಲಿ ಒಂದು ಅಂಗಡಿ ಉದ್ಘಾಟನೆಗೆ ಕರಡಿ ವೇಷ ಹಾಕಿ ನಿಂತಿದ್ದೆ. ಏಪ್ರಿಲ್ ತಿಂಗಳು. ಸಿಂಥೆಟಿಕ್ ಕೂದಲು, ಒಳಗೆ ಸ್ಪಂಜು, ಬಾಯಿಯ ಜಾಗದಲ್ಲಿ ಒಂದು ಜಾಳಿಗೆ. ಅದರಲ್ಲಿ ನನಗೆ ಕಾಣುವುದು ಎದುರಿನವರ ಹೊಟ್ಟೆ ಮಾತ್ರ. ಒಬ್ಬ ಬಾಲ ಎಳೆಯುತ್ತಾನೆ, ಇನ್ನೊಬ್ಬ ಗುದ್ದುತ್ತಾನೆ. ನೀರು ಕೇಳಲು ಬಾಯಿ ಬಿಡುವಂತಿಲ್ಲ. ಕೊನೆಗೆ ದುಡ್ಡು ಕೊಡುವಾಗ ಅಂಗಡಿಯವರು ಅರ್ಧವನ್ನು ಬಾಡಿಗೆ ವೇಷದ ಲೆಕ್ಕಕ್ಕೆ ಹಿಡಿದುಕೊಂಡರು.

ಡಿಸ್ನಿಲ್ಯಾಂಡ್‌ನ ಪಾತ್ರ ಮಾಡುವವರು, ಮೆರವಣಿಗೆಯಲ್ಲಿ ಕುಣಿಯುವವರು 2024ರ ಮೇ ತಿಂಗಳಲ್ಲಿ ಮತ ಹಾಕಿ ಆಕ್ಟರ್ಸ್ ಈಕ್ವಿಟಿ ಅನ್ನುವ ಕಲಾವಿದರ ಕಾರ್ಮಿಕ ಸಂಘಕ್ಕೆ ಸೇರಿದರು. ಅದನ್ನು ಓದಿ ನನಗೆ ಖುಷಿಯಾಯಿತು. ಅವರಿಗೆ ತಿರುಗಾಡುವ ಕೆಲಸಕ್ಕಿಂತ ಒಂದು ನೆರಳಿನ ಜಾಗ, ಹಿಂದೆ ಒಂದು ಬಾಗಿಲು, ಪಕ್ಕದಲ್ಲಿ ಜನರನ್ನು ನೋಡಿಕೊಳ್ಳುವ ಒಬ್ಬರು ಇರುವ ಕೆಲಸ ಎಷ್ಟೋ ವಾಸಿ. ಹಾಗಾಗಿ ಲೆಕ್ಕಿಗರ ‘ಓಡಾಡಲಿ’ಗೆ ನನ್ನದೂ ವಿರೋಧ.

ಭಟ್ಕಳ ಬಂದರು

ಬಾಲ ಎಳೆದವನು ನಾನಿರಬಹುದು. ಕ್ಷಮೆ ಇರಲಿ 😀

ಕಾರವಾರ ಬೈತಖೋಲ್

ಅಮೆರಿಕ ಸಾಕು, ಊರಿಗೆ ಬನ್ನಿ. ನಮ್ಮ ಟಾಗೋರ್ ಬೀಚಿನಲ್ಲಿ ಚಪಲ್ ಯುದ್ಧನೌಕೆ ಇದೆ. ಪಕ್ಕದಲ್ಲಿ ರಾಕ್ ಗಾರ್ಡನ್ ಇದೆ. ಅಲ್ಲಿ ಹಾಲಕ್ಕಿ, ಸಿದ್ದಿ, ಗೌಳಿ ಜನರ ಬದುಕಿನ ಮೂರ್ತಿಗಳು, ಮನೆಗಳು. ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಬಂದವರು ಏನು ಮಾಡುತ್ತಾರೆ? ಮೂರ್ತಿಯ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ, ಮುಂದಿನ ಮೂರ್ತಿ, ಸೆಲ್ಫಿ. ಹೆಸರು ಬರೆದ ಫಲಕ ಓದುವವರಿಲ್ಲ. ಮೂರ್ತಿ ಮಾತಾಡುವುದಿಲ್ಲವಲ್ಲ.

ಶನಿವಾರ ಭಾನುವಾರ ಸಂಜೆ ಅಲ್ಲೊಂದು ಮೂಲೆಯಲ್ಲಿ ಜೀವಂತ ವೇಷಗಳನ್ನು ನಿಲ್ಲಿಸಿದರೆ ಹೇಗೆ? ಒಂದು ವಾರ ಯಕ್ಷಗಾನದ ವೇಷ, ಇನ್ನೊಂದು ವಾರ ಸುಗ್ಗಿ ಕುಣಿತದವರು, ಹಾಲಕ್ಕಿ ಅಜ್ಜಿಯರು. ಮಕ್ಕಳು ಮಾತಾಡಿಸಲಿ, ಫೋಟೊ ತೆಗೆದುಕೊಳ್ಳಲಿ.

ಅಂಕೋಲೆ ಅಕ್ಕೋರು

ಯಕ್ಷಗಾನದ ವೇಷ ನಿಲ್ಲಿಸಿ, ಬೇಡ ಅನ್ನುವುದಿಲ್ಲ. ಹಾಲಕ್ಕಿ ಅಜ್ಜಿಯರನ್ನು ನಿಲ್ಲಿಸುವ ಮಾತು ಮಾತ್ರ ಬೇಡ.

ಟಿಂಕರ್ ಬೆಲ್ ಪಾತ್ರ. ಸಂಜೆ ಆ ಹುಡುಗಿ ರೆಕ್ಕೆ ಬಿಚ್ಚಿಟ್ಟು ಮನೆಗೆ ಹೋಗುತ್ತಾಳೆ. ಹಾಲಕ್ಕಿಯವರ ಕೊರಳ ತುಂಬ ಇರುವ ಮಣಿಸರ ವೇಷ ಅಲ್ಲ. ಅವರು ಹಾಗೇ ಬಸ್ಸಿನಲ್ಲಿ ಬರುತ್ತಾರೆ, ಹಾಗೇ ಸಂತೆಯಲ್ಲಿ ಸೊಪ್ಪು ಮಾರುತ್ತಾರೆ. ಅವರ ಮಕ್ಕಳು ನನ್ನ ಕ್ಲಾಸಿನಲ್ಲಿದ್ದಾರೆ. ತನ್ನ ಅಜ್ಜಿಯನ್ನು ಫೋಟೊಕ್ಕೆ ನಿಲ್ಲಿಸಿದ್ದಾರೆ ಅಂತ ಆ ಮಗು ನೋಡಬೇಕಾ?

ನಮ್ಮ ಬಡಗೇರಿಯ ದಿವಂಗತ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಹಾಡಿಗೆ. ಹಾಡು ಕೇಳಿಸಬೇಕು ಅಂದರೆ ಚಾಪೆ ಹಾಸಿ, ಹಾಲಕ್ಕಿ ಅಜ್ಜಿಯರನ್ನು ಕೂರಿಸಿ, ನೀವೂ ಕೆಳಗೆ ಕೂತು, ಸಂಭಾವನೆ ಕೊಟ್ಟು ಕೇಳಿ. ಸುಗ್ಗಿ ಕುಣಿತ ಬೇಕು ಅಂದರೆ ಸುಗ್ಗಿಯಲ್ಲಿ ಊರಿಗೆ ಬನ್ನಿ.

ಕಾರವಾರ ಬೈತಖೋಲ್

ಅಕ್ಕೋರೆ, ನಾನು ಒಳ್ಳೆಯದಕ್ಕೇ ಹೇಳಿದ್ದು. ಅವರಿಗೆ ನಾಲ್ಕು ಕಾಸು ಬರುತ್ತದೆ ಅಂತ.

ಅಂಕೋಲೆ ಅಕ್ಕೋರು

ಗೊತ್ತು ತಮಾ. ಕಾಸು ಬರಲಿ. ಅವರು ಕೂತು ಬರಲಿ.

ಶಿರಸಿ ಕೆರೆಗದ್ದೆ, ಪಾರ್ಕ್ ಅಭಿಮಾನಿ

ಮತ್ತೆ ಪಿಕ್ಸಿ ಹಾಲೋಗೆ ಬರೋಣ. ಅಕ್ಕಾ, ಕಾರು ನಿಲ್ಲಿಸುವ ಜಾಗದಲ್ಲಿ ಹೊಸದು ಕಟ್ಟುವುದು ಸರಿ, ಆದರೆ ಅದಕ್ಕೆ ವರ್ಷಗಟ್ಟಲೆ ಬೇಕು. ಹಳೆಯ ಪಾರ್ಕಿನ ಒಳಗಿನ ನೂಕುನುಗ್ಗಲು ಈಗಲೇ ಇದೆ. ಟಿಂಕರ್ ಬೆಲ್ ಈಗಿನ ಮಕ್ಕಳಿಗೆ ಎಷ್ಟು ಗೊತ್ತು ಅನ್ನುವುದೂ ಪ್ರಶ್ನೆ. ನನ್ನ ಮಗಳಿಗೆ ಮೊವಾನಾ ಗೊತ್ತು, ಎಲ್ಸಾ ಗೊತ್ತು. ಟಿಂಕರ್ ಬೆಲ್ ಯಾರು ಅಂತ ಕೇಳಿದಳು.

ಕಾರವಾರ ಕೋಡಿಬಾಗ

ನನ್ನ ಮೊಮ್ಮಗಳಿಗೂ ಗೊತ್ತಿರಲಿಲ್ಲ. ಇಲ್ಲೇ ನಾನು ಅಳಿಯನ ಹತ್ತಿರ ವಾದ ಮಾಡಿದ್ದು.

ಅವಳಿಗೆ ಕಥೆ ಗೊತ್ತಿಲ್ಲ. ಇಂಗ್ಲಿಷ್ ಬರುತ್ತದೆ, ಆದರೆ ಹೊಸಬರ ಹತ್ತಿರ ಬಾಯಿ ಬಿಡುವುದಿಲ್ಲ. ಟಿಂಕರ್ ಬೆಲ್ ಎದುರು ಹೋಗಿ ಕಂಬದ ಹಾಗೆ ನಿಂತಳು. ಆ ಹುಡುಗಿ ಅವಸರ ಮಾಡಲಿಲ್ಲ. ನೆಲದ ಮೇಲೆ ಕೂತು ಇವಳ ಚಪ್ಪಲಿಯಲ್ಲಿದ್ದ ಹೂವನ್ನು ತೋರಿಸಿ, ಇದು ನನ್ನ ತೋಟದ್ದು, ನಿನಗೆ ಹೇಗೆ ಸಿಕ್ಕಿತು ಅಂತ ಕೇಳಿದಳು. ನಮ್ಮ ಕಾರವಾರದ ಹೂವಿನ ಚೌಕದ ಹತ್ತಿರ ಕೊಂಡ ಚಪ್ಪಲಿ ಅದು! ಇವಳು “ಅಜ್ಜಿ ಕೊಡಿಸಿದ್ದು” ಅಂತ ಕನ್ನಡದಲ್ಲೇ ಹೇಳಿದಳು. ಆ ಹುಡುಗಿಗೆ ಏನು ಅರ್ಥವಾಯಿತೋ, ನನ್ನ ಕಡೆ ನೋಡಿ ಕೈ ಮುಗಿದಳು. ಅಲ್ಲಿಂದ ಹೊರಗೆ ಬಂದ ಮೇಲೆ ಇವಳೇ ಟಿಂಕರ್ ಬೆಲ್ ಕಥೆ ಹೇಳು ಅಂತ ಪೀಡಿಸಿದ್ದು.

ಕಥೆ ಗೊತ್ತಿದ್ದವರಿಗೆ ಮಾತ್ರ ಪಾತ್ರ ಬೇಕು ಅಂತ ಅಲ್ಲ ಕೆರೆಗದ್ದೆಯವರೇ. ಪಾತ್ರ ಸಿಕ್ಕಿದ ಮೇಲೆ ಕಥೆ ಬೇಕಾಗುತ್ತದೆ. ಹಾಗಂತ ಟಿಂಕರ್ ಬೆಲ್ಲೇ ಇರಬೇಕು ಅಂತ ನನ್ನ ಹಟ ಅಲ್ಲ. ನಾಳೆ ಅಲ್ಲಿ ಬೇರೆ ಪಾತ್ರ ಬರಲಿ. ಏರಿಯಲ್ ಹೋಗಿ ಇವಳು ಬಂದ ಹಾಗೆ. ಕೆಳಗೆ ಕೂತು ಮಾತಾಡುವ ಒಬ್ಬರಿಗೆ ಅಷ್ಟು ಜಾಗ ಇರಲಿ.

ಯಲ್ಲಾಪುರದ ಲೆಕ್ಕಿಗ

ಸರಿ, ಪಾತ್ರ ಬ್ಯಾಡ ಅನ್ನುವುದನ್ನು ಬಿಟ್ಟೆ. ಆದರೆ ಆ ಜಾಗದಲ್ಲೇ ಇರಬೇಕು ಅನ್ನುವುದಕ್ಕೆ ನನ್ನ ಮತ ಇಲ್ಲ. ಹೊಸ ಜಾಗ ಕಟ್ಟುತ್ತಾರಲ್ಲ, ಅಲ್ಲಿ ನೆರಳಿರುವ ದೊಡ್ಡ ಜಾಗ ಕೊಡಲಿ. ಒಬ್ಬಳ ಬದಲು ಮೂವರನ್ನು ಬೇರೆ ಬೇರೆ ಕೋಣೆಯಲ್ಲಿ ನಿಲ್ಲಿಸಲಿ. ಸಾಲು ಮೂರು ಪಾಲಾಗುತ್ತದೆ. ಹಳೆಯದನ್ನು ಆಮೇಲೆ ಮುಟ್ಟಲಿ.

ಕಾರವಾರ ಕೋಡಿಬಾಗ

‘ಆಮೇಲೆ ಮುಟ್ಟಲಿ’ ಅನ್ನುವುದಕ್ಕೆ ನನ್ನ ಒಪ್ಪಿಗೆ ಇದೆ. ಮೊದಲು ಕಟ್ಟಿ ತೋರಿಸಲಿ. ಅಳಿಯನಿಗೂ ಇದನ್ನೇ ಕಳಿಸುತ್ತೇನೆ.

ಶಿರಸಿ ನಿಲೇಕಣಿ

ಅಕ್ಕಾ, ಒಂದು ಕೇಳಬೇಕಿತ್ತು. ಮುಂದಿನ ವರ್ಷ ತಮ್ಮನ ಮನೆಗೆ ಆ ಕಡೆ ಹೋಗುವುದಿದೆ. ಮಗನನ್ನು ಕರೆದುಕೊಂಡು ಹೋದರೆ ಪಿಕ್ಸಿ ಹಾಲೋಗೆ ಯಾವ ಹೊತ್ತು ಒಳ್ಳೆಯದು?

ಕಾರವಾರ ಕೋಡಿಬಾಗ

ಬೆಳಿಗ್ಗೆ ಹೋಗಿ. ಗೇಟ್ ತೆರೆದ ಕೂಡಲೇ ಎಲ್ಲರೂ ದೊಡ್ಡ ರೈಡ್‌ಗಳ ಕಡೆ ಓಡುತ್ತಾರೆ, ನೀವು ಈ ಕಡೆ ತಿರುಗಿ. ಟಿಂಕರ್ ಬೆಲ್ ಎಷ್ಟು ಗಂಟೆಗೆ ಬರುತ್ತಾಳೆ ಅಂತ ಪಾರ್ಕಿನ ಆ್ಯಪ್‌ನಲ್ಲಿ ಅವತ್ತಿನದು ಅವತ್ತೇ ನೋಡಿಕೊಳ್ಳಿ, ಅದು ಬದಲಾಗುತ್ತಿರುತ್ತದೆ. ಕಿವಿಗೆ ಹಾಕುವ ಹೆಡ್‌ಫೋನ್ ತೆಗೆದುಕೊಂಡು ಹೋಗಿ, ಪಕ್ಕದ ಮ್ಯಾಟರ್‌ಹಾರ್ನ್‌ನಿಂದ ಕಿರುಚಾಟ ಕೇಳಿಸುತ್ತದೆ. ಸಾಲು ಉದ್ದ ಇದ್ದರೆ ಒಬ್ಬರು ನಿಲ್ಲಿ, ಇನ್ನೊಬ್ಬರು ಮಗನನ್ನು ನೆರಳಿನಲ್ಲಿ ಕೂರಿಸಿಕೊಂಡಿರಿ. ಹೀಗೆ ಮಾಡಬಹುದಾ ಅಂತ ಬಾಗಿಲಲ್ಲಿರುವವರನ್ನು ಮೊದಲೇ ಕೇಳಿಬಿಡಿ.